ಅಂಗಳದ ಬದಿಯಲ್ಲಿ ಸತ್ತ ಮಂಗ

ಸಂಘದ ಸಭೆಯಲ್ಲಿ ಯಾರಾದರೂ ಮಂಗನ ವಿಚಾರ ಎತ್ತಿದರೆ ಉಳಿದ ಕಾರ್ಯಕಲಾಪ ಅಲ್ಲಿಗೆ ಮುಗಿದಂತೆಯೇ. ಎಳೆ ಅಡಿಕೆ ಚೀಪಿ ಉದುರಿಸಿದ್ದು, ಬಾಳೆಗೊನೆ ಹರಿದದ್ದು, ಹೆಂಚು ಸರಿಸಿ ಅಡಿಗೆಮನೆಗಿಳಿದು ಅನ್ನದ ಪಾತ್ರೆಯನ್ನೇ ಉರುಳಿಸಿದ್ದು, ಒಬ್ಬೊಬ್ಬ ಸದಸ್ಯರದೂ ಒಂದೊಂದು ಪುರಾಣ. ಪೇಟೆಯಲ್ಲಿ ಹಿಡಿದ ಮಂಗಗಳನ್ನು ರಾತ್ರೋರಾತ್ರಿ ತಂದು ನಮ್ಮ ಕಾಡಂಚಿನಲ್ಲಿ ಬಿಡುತ್ತಾರೆಂಬ ದೂರೂ ಇದೆ. ಅದು ಸುಳ್ಳೆಂದು ನಾವು ಹೇಳಲಾರೆವು. ಗರ್ನಾಲು, ಪೈಪಿನ ಕೋವಿ, ಹುಲಿಬೊಂಬೆ ಎಲ್ಲವನ್ನೂ ನಾವೂ ಪ್ರಯೋಗಿಸಿ ನೋಡಿದ್ದೇವೆ. ಬೊಂಬೆಗೆ ಅವು ಹೆದರಿದ್ದು ಎಂಟು ದಿನ. ಒಂಬತ್ತನೆಯ ದಿನ ಒಂದು ಮಂಗ ಹುಲಿಯ ಬೆನ್ನ ಮೇಲೆಯೇ ಕುಳಿತು ಪೇರಲೆಹಣ್ಣು ತಿನ್ನುತ್ತಿತ್ತು.

ಆದರೆ ಈ ಸಲ ಬರೆಯಹೊರಟಿರುವುದು ಬದುಕಿರುವ ಮಂಗನ ವಿಚಾರವಲ್ಲ.

ಎರಡು ವರ್ಷದ ಹಿಂದೆ, ಜನವರಿ ತಿಂಗಳು, ಕೊನೆಕೊಯ್ಲಿನ ಗಡಿಬಿಡಿ. ಬೆಳಿಗ್ಗೆ ಎದ್ದು ನೋಡಿದರೆ ಅಂಗಳದಿಂದ ಕೊಟ್ಟಿಗೆಗೆ ಹೋಗುವ ದಾರಿಯಲ್ಲಿ ಒಂದು ಕೆಂಪುಮಂಗ ಸತ್ತು ಬಿದ್ದಿತ್ತು. ನಿಜ ಹೇಳಬೇಕೆಂದರೆ ನಮಗೆ ಮೊದಲು ಆದದ್ದು ಸಮಾಧಾನ. ಒಂದು ಕಡಿಮೆಯಾಯಿತಲ್ಲ ಎಂದು. ನಮ್ಮ ತಾಯಿಯವರಿಗೆ ಅದು ಹನುಮಂತ ದೇವರ ಅಂಶ. ಅರಿಶಿನ ಕುಂಕುಮ ಹಚ್ಚಿ, ಹೂವೇರಿಸಿ ಮಣ್ಣು ಮಾಡಬೇಕೆಂದು ಬಟ್ಟಲು ಹಿಡಿದು ಬಂದೇಬಿಟ್ಟರು. ನಾವೂ ಗುದ್ದಲಿ ತರಹೇಳಿದೆವು. ಅಷ್ಟರಲ್ಲಿ ಹಗ್ಗ ಹೆಗಲಿಗೇರಿಸಿಕೊಂಡು ಬಂದ ಕೊನೆಗಾರ ದೂರದಿಂದಲೇ ಕೂಗಿದ: "ಅಯ್ಯಾ, ಮುಟ್ಬ್ಯಾಡಿ, ಅಮ್ಮನ್ನ ಒಳಗೆ ಕಳ್ಸಿ. ನಮ್ ಭಾವ ಹೀಂಗೇ ಒಂದನ್ನ ಎಳೆದು ಹಾಕಿ ಬಂದು ಮಲಗಿದೋನು ಏಳಲಿಲ್ಲ."

ಕಾಲೇಜು ಮೆಟ್ಟಿಲು ಹತ್ತಿದ ನಮಗೆ ನೆನಪಾಗಬೇಕಾದದ್ದು ಅವನಿಗೆ ನೆನಪಾಯಿತು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು, ಹಿಂದೆಯೇ ಊರವರು ಜ್ವರದಿಂದ ಮಲಗಿದಾಗ ಈ ಕಾಯಿಲೆ ಮೊದಲು ಗುರುತಾಯಿತು. ಮಂಗನ ಕಾಯಿಲೆ ಎಂದು ಹೆಸರು ಬಿದ್ದರೂ ಅದನ್ನು ಅಂಟಿಸುವುದು ಉಣುಗು. ಕೆಂಪುಮಂಗ, ಮುಸಿಯಗಳು ನಮ್ಮಂತೆಯೇ ಅದಕ್ಕೆ ಬಲಿ. ಮಂಗ ಸತ್ತೊಡನೆ ಮೈಮೇಲಿನ ಉಣುಗುಗಳು ಉದುರಿ ಸುತ್ತಲ ದರಕಿನಲ್ಲಿ ಸೇರಿಕೊಳ್ಳುತ್ತವೆ. ಮರಿಉಣುಗು ಗಸಗಸೆ ಕಾಳಿನಷ್ಟು; ಕಚ್ಚಿದ್ದೂ ತಿಳಿಯದು. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಅಡಿಕೆ ಹೆಕ್ಕುವುದು, ಕಾಫಿ ಕೊಯ್ಯುವುದು, ಕೊಟ್ಟಿಗೆಗೆ ದರಕು ಗುಡಿಸಿ ತರುವುದು ಎಲ್ಲವೂ ಅದೇ ತಿಂಗಳುಗಳಲ್ಲಿ ಎಂಬುದನ್ನು ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಡಿಗೆ ಮೇಯಲು ಹೋದ ದನವೂ ಉಣುಗನ್ನು ಹೊತ್ತು ಮನೆಗೇ ತರುತ್ತದೆ.

ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಏಕಾಏಕಿ ಚಳಿಜ್ವರ, ತಲೆ ಸಿಡಿಯುವಂಥ ನೋವು, ಮೈಕೈ ನೋವು, ವಾಂತಿ. ಕೆಲವರಿಗೆ ಮೂಗು, ಒಸಡಿನಲ್ಲಿ ರಕ್ತ. ಜ್ವರ ಬಿಟ್ಟಂತಾಗಿ ಒಂದೆರಡು ವಾರದ ಮೇಲೆ ಮರುಕಳಿಸುವುದೂ ಉಂಟು. ಬಿದ್ದವರಲ್ಲಿ ನೂರಕ್ಕೆ 3ರಿಂದ 5 ಮಂದಿ ಉಳಿಯುವುದಿಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಕಡೆ ಹಲವರು ತೀರಿಕೊಂಡದ್ದನ್ನು ಓದುಗರು ಮರೆತಿರಲಾರರು. ಇದಕ್ಕೇ ಎಂಬ ಮದ್ದಿಲ್ಲ. ಬೇಗ ಆಸ್ಪತ್ರೆ ಸೇರಿದವರಿಗೆ ಶುಶ್ರೂಷೆಯಿಂದ ಗುಣವಾಗುತ್ತದೆ. ಹಿಂದೆ ಕೊಡುತ್ತಿದ್ದ ಲಸಿಕೆ ಸಾಕಷ್ಟು ಫಲ ಕೊಡದ ಕಾರಣ 2022ರಲ್ಲಿ ನಿಂತಿತು. ಒಬ್ಬರಿಂದೊಬ್ಬರಿಗೆ ಇದು ಹರಡುವುದಿಲ್ಲವಾದ್ದರಿಂದ ಕಾಯಿಲೆಯವರ ಮನೆಗೆ ಹೋಗದೆ ದೂರವಿಡುವುದು ಶುದ್ಧ ಅನ್ಯಾಯ.

ನಮ್ಮಲ್ಲಿಗೆ ಅಂದು ಮಧ್ಯಾಹ್ನವೇ ಆರೋಗ್ಯ ಇಲಾಖೆಯವರು ಬಂದರು. ಮಾದರಿ ತೆಗೆದು, ಹೆಣವನ್ನು ಸುಟ್ಟು, ಸುತ್ತಲೂ ಮೆಲಾಥಿಯಾನ್ ಪುಡಿ ಹೊಡೆದು, ಆ ಕಡೆ ಜನ ದನ ಸುಳಿಯಕೂಡದೆಂದರು. ಅಲ್ಲಿನ ರೊಬಸ್ಟ ಗಿಡದಲ್ಲೇ ಒಣಗಿ ಉದುರಿತು. ಪರೀಕ್ಷೆಯಲ್ಲಿ ಕಾಯಿಲೆ ಇದ್ದುದು ಖಚಿತವಾದ ಮೇಲೆ ಆ ನಷ್ಟದ ಲೆಕ್ಕ ಹಾಕುವ ಮನಸ್ಸು ನಮಗಾಗಲಿಲ್ಲ. ತಾಯಿಯವರು ಹೂವನ್ನು ತುಳಸಿಕಟ್ಟೆಗೆ ಹಾಕಿ, ಅಲ್ಲಿಂದಲೇ ಕೈಮುಗಿದರು.

ಬೇಸರದ ಸಂಗತಿಯೆಂದರೆ, ಕೊಯ್ಲು ನಿಂತೀತೆಂಬ ಭಯದಿಂದ ಸತ್ತ ಮಂಗವನ್ನು ಸದ್ದಿಲ್ಲದೆ ಹಳ್ಳಕ್ಕೆ ಎಳೆಸಿ ಹಾಕುವವರು ನಮ್ಮೊಳಗೇ ಇದ್ದಾರೆ. ಎಳೆಯುವ ಕೈ ಮಾತ್ರ ಅವರದಲ್ಲ. ಕಾಫಿ ಕೊಯ್ಲಿಗೆಂದು ಅಸ್ಸಾಮಿನಿಂದ, ಬಯಲುಸೀಮೆಯಿಂದ ಬಂದವರಿಗೆ ಈ ಕಾಯಿಲೆಯ ಹೆಸರೂ ಗೊತ್ತಿರುವುದಿಲ್ಲ; ಕೆಲಸಕ್ಕಿಳಿಸುವ ಮೊದಲು ಅವರಿಗೆ ತಿಳಿಸತಕ್ಕದ್ದು. ಮಂಗಕ್ಕೆ ವಿಷವಿಕ್ಕುವ ಮಾತನ್ನೂ ಕೇಳಿದ್ದೇವೆ. 1972ರ ಕಾಯ್ದೆಯ ಪ್ರಕಾರ ಅದು ಅಪರಾಧ. ಅದಲ್ಲದೆ, ಕಾಯಿಲೆಯಿಂದ ಸತ್ತದ್ದು ಯಾವುದೆಂದು ತಿಳಿಯುವ ಬಗೆಯೂ ಕೆಡುತ್ತದೆ.

ತೋಟಕ್ಕಿಳಿಯುವಾಗ ಮೈತುಂಬ ಬಟ್ಟೆಯಿರಲಿ. ಕೈಕಾಲಿಗೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಬಂದೊಡನೆ ಬಿಸಿನೀರಿನ ಸ್ನಾನ, ಬಟ್ಟೆಗೆ ಕುದಿನೀರು. ಹಲಸಿನ ಸಿಪ್ಪೆ, ಮುಸುರೆ ಅಂಗಳದಲ್ಲಿ ಬಿಡದಿದ್ದರೆ ಮಂಗ ಮನೆಯ ಸುತ್ತ ಬೀಡುಬಿಡುವುದು ಸ್ವಲ್ಪ ಕಡಿಮೆಯಾಗುತ್ತದೆ. ಪೂರ್ತಿ ನಿಲ್ಲುತ್ತದೆಂದು ಹೇಳಿ ನಗೆಪಾಟಲಾಗಲು ನಾವು ತಯಾರಿಲ್ಲ.

ಸತ್ತ ಮಂಗ ಕಂಡರೆ ತಿಳಿಸಬೇಕಾದ ಆರೋಗ್ಯ ಕೇಂದ್ರದ ಫೋನ್ ನಂಬರನ್ನು ಸಂಘದ ಕಛೇರಿಯ ಗೋಡೆಯ ಮೇಲೆ, ತಕ್ಕಡಿಯ ಎದುರಿಗೇ ದಪ್ಪಕ್ಷರದಲ್ಲಿ ಬರೆಸಿದ್ದೇವೆ. ಅಡಿಕೆ ತೂಕಕ್ಕೆ ಬಂದಾಗ ಸದಸ್ಯರು ಬರೆದುಕೊಂಡು ಹೋಗಬಹುದು.