ಗಡಿಬಿಡಿ ಅಡುಗೆಮನೆಯಲ್ಲಿರಲಿ, ಮೇಜಿನ ಬಳಿ ಬೇಡ



ನಮ್ಮ ಉದ್ಯಮದಲ್ಲಿ ಎರಡು ಮಾತುಗಳನ್ನು ನಾವೆಲ್ಲ ಮೊದಲ ದಿನದಿಂದಲೇ ಕೇಳುತ್ತ ಬಂದವರು. ಒಂದು, ಗಿರಾಕಿ ದೇವರಿಗೆ ಸಮಾನ. ಇನ್ನೊಂದು, ಮೇಜು ತಿರುಗಬೇಕು. ಮೊದಲನೆಯದನ್ನು ಚೌಕಟ್ಟು ಹಾಕಿಸಿ ಗಲ್ಲಾದ ಹಿಂದಿನ ಗೋಡೆಗೆ ತೂಗುಹಾಕುತ್ತೇವೆ. ಎರಡನೆಯದನ್ನು ದಿನಕ್ಕೆ ಹತ್ತು ಸಲ ವೇಟರ್‌ಗಳ ಕಿವಿಗೆ ಹಾಕುತ್ತೇವೆ. ಬಾಡಿಗೆ, ಸಂಬಳ, ಗ್ಯಾಸ್, ತರಕಾರಿ ಎಲ್ಲದರ ಖರ್ಚು ಹೊತ್ತವರು ಎರಡನೆಯ ಮಾತನ್ನು ಬಿಡುವಂತಿಲ್ಲ. ಹಾಗೆಂದು ಮೊದಲನೆಯದನ್ನು ಬಿಟ್ಟರೆ ಮೇಜಿಗೆ ಗಿರಾಕಿಯೇ ಬರುವುದಿಲ್ಲ. ಇವೆರಡನ್ನೂ ಒಟ್ಟಿಗೆ ನಡೆಸುವುದು ಹೇಗೆಂದು ನಾವು ಕಲಿತದ್ದು ಒಬ್ಬ ಹಳೆಯ ಗಿರಾಕಿಯನ್ನು ಕಳೆದುಕೊಂಡ ಮೇಲೆ. ಅದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಒಂದು ಮಧ್ಯಾಹ್ನದ ಊಟ

ನಾವು ಹತ್ತನೇ ತರಗತಿ ಮುಗಿಸಿ 1986ರಲ್ಲಿ ಊರಿನಿಂದ ಮುಂಬಯಿಗೆ ಬಂದವರು. ಮೇಜು ಒರೆಸುವ ಕೆಲಸದಿಂದ ಆರಂಭಿಸಿ ವೇಟರ್, ಕ್ಯಾಪ್ಟನ್ ಎಲ್ಲ ಆಗಿ, ಈಗ ಉಪನಗರದ ಒಂದು ಸ್ಟೇಶನ್ ಬಳಿ 14 ಮೇಜುಗಳ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದೇವೆ. ಮಧ್ಯಾಹ್ನ 12.30ರಿಂದ 2.30ರವರೆಗೆ ಕಚೇರಿಯವರ ರಶ್.

2018ರ ಮಾತು. ನಿವೃತ್ತರಾದ ಒಬ್ಬ ಮರಾಠಿ ಕಾಕಾ ದಿನಾ ಒಂದು ಗಂಟೆಗೆ ಥಾಲಿ ಊಟಕ್ಕೆ ಬರುತ್ತಿದ್ದರು. ನಿಧಾನವಾಗಿ ಉಣ್ಣುವವರು. ಆಗ ನಮ್ಮ ಹೋಟೆಲಿನ ಕಾನೂನು ಏನಿತ್ತೆಂದರೆ, ಅನ್ನ ಬಡಿಸಿದ ಕೂಡಲೇ ಬಿಲ್ಲು ಇಡಬೇಕು. ಆ ದಿನ ಬಾಗಿಲಲ್ಲಿ ಇಪ್ಪತ್ತು ಜನ ನಿಂತಿದ್ದರು. ಕಾಕಾ ಇನ್ನೂ ಮೊಸರನ್ನ ಕಲಸುತ್ತಿರುವಾಗಲೇ ಹುಡುಗ ಬಿಲ್ಲು ಮತ್ತು ಬಡೆಸೋಪು ತಂದಿಟ್ಟ. ಕ್ಲೀನರ್ ಬಂದು ಖಾಲಿಯಾದ ಎರಡು ಬಟ್ಟಲು ಎತ್ತಿಕೊಂಡು ಹೋದ. ಕಾಕಾ ಏನೂ ಹೇಳದೆ ಕೈ ತೊಳೆದು ಗಲ್ಲಾದ ಬಳಿ ಬಂದು ಹಣ ಕೊಟ್ಟರು. ಆಮೇಲೆ ಮರಾಠಿಯಲ್ಲಿ, “ಅಣ್ಣಾ, ಮನೆಯಲ್ಲಿ ಒಬ್ಬನೇ ಉಣ್ಣಬೇಕಲ್ಲ ಎಂದು ಇಲ್ಲಿಗೆ ಬರುತ್ತಿದ್ದೆ. ನಿಮಗೆ ಕುರ್ಚಿ ಬೇಕಾಗಿದೆ, ತೆಗೆದುಕೊಳ್ಳಿ” ಎಂದರು. ಮರುದಿನ ಬರಲಿಲ್ಲ. ಮತ್ತೆ ಎಂದೂ ಬರಲಿಲ್ಲ.

ನಾವು ಆ ಹುಡುಗನನ್ನು ಕರೆದು ಬೈದೆವು. ಆಗ ನಮ್ಮ ಹಳೆಯ ಕ್ಯಾಪ್ಟನ್ ಮೆಲ್ಲಗೆ, “ಅಣ್ಣ, ಹಾಗೆ ಮಾಡು ಅಂತ ಹೇಳಿದ್ದು ನೀವೇ ಅಲ್ವಾ?” ಎಂದ. ನಮ್ಮಲ್ಲಿ ಉತ್ತರವಿರಲಿಲ್ಲ.

ಗಡಿಯಾರ ಹೇಳಿದ ಸತ್ಯ

ಆ ಮೇಲೆ ಒಂದು ವಾರ ಗಲ್ಲಾದಲ್ಲಿ ಕುಳಿತು, ಕೈಯಲ್ಲಿ ನೋಟ್‌ಬುಕ್ ಹಿಡಿದು, ಒಂದೊಂದು ಮೇಜಿನ ಹೊತ್ತು ಬರೆದುಕೊಂಡೆವು. ಸುಮಾರಾಗಿ ಲೆಕ್ಕ ಹೀಗೆ ಬಂತು. ಗಿರಾಕಿ ಕುಳಿತು ಆರ್ಡರ್ ಕೊಡುವವರೆಗೆ 5 ನಿಮಿಷ. ಆರ್ಡರ್ ಕೊಟ್ಟು ಊಟ ಬರುವವರೆಗೆ 12 ನಿಮಿಷ. ಉಣ್ಣುವುದಕ್ಕೆ 15 ನಿಮಿಷ. ಬಿಲ್ಲು ಕೇಳಿ, ಹಣ ಕೊಟ್ಟು, ಚಿಲ್ಲರೆ ಪಡೆಯಲು 6 ನಿಮಿಷ. ಮೇಜು ಒರೆಸಿ ಮುಂದಿನವರನ್ನು ಕೂರಿಸಲು 2 ನಿಮಿಷ. ಒಟ್ಟು 40 ನಿಮಿಷ.

ಬಂಧುಗಳೇ, ಈ ಲೆಕ್ಕವನ್ನು ಸ್ವಲ್ಪ ಗಮನಿಸಿ. ಇದರಲ್ಲಿ ಗಿರಾಕಿಯ ಹೊತ್ತು 15 ನಿಮಿಷ ಮಾತ್ರ. ಉಳಿದ 25 ನಿಮಿಷ ನಮ್ಮದು, ನಮ್ಮ ಅವ್ಯವಸ್ಥೆಯದು. ನಾವು ಅವಸರ ಮಾಡುತ್ತಿದ್ದದ್ದು ಆ 15 ನಿಮಿಷಕ್ಕೆ! ಪ್ಲೇಟು ಎಳೆದು, ಬಿಲ್ಲು ಇಟ್ಟು, ಎದುರು ನಿಂತು ನೋಡಿದರೆ ಉಳಿಯುವುದು ಹೆಚ್ಚೆಂದರೆ 3 ನಿಮಿಷ. 40ರ ಬದಲು 37 ಆಯಿತೆನ್ನಿ. ಎರಡು ಗಂಟೆಯಲ್ಲಿ ಮೇಜು ಆಗಲೂ ಮೂರೇ ಸುತ್ತು ತಿರುಗುತ್ತದೆ, ಈಗಲೂ ಮೂರೇ ಸುತ್ತು. ಗಿರಾಕಿಯ ಮನಸ್ಸು ನೋಯಿಸಿ ನಾವು ಗಳಿಸಿದ್ದು ಸೊನ್ನೆ.

ಅದೇ ನಮ್ಮ 25 ನಿಮಿಷವನ್ನು 13ಕ್ಕೆ ಇಳಿಸಿದರೆ ಒಂದು ಮೇಜಿಗೆ 28 ನಿಮಿಷ. ಆಗ ನಾಲ್ಕು ಸುತ್ತು ಖಂಡಿತ. 14 ಮೇಜಿಗೆ 42ರ ಬದಲು 56 ಸರದಿ. ಉಣ್ಣುವವರ ಒಂದು ನಿಮಿಷವನ್ನೂ ನಾವು ಕಸಿದುಕೊಂಡಿರುವುದಿಲ್ಲ.

ಹೊತ್ತು ಎಲ್ಲಿ ಉಳಿಸಿದೆವು?

ಮೊದಲನೆಯದಾಗಿ, ಒಬ್ಬ ವೇಟರ್‌ಗೆ ಇಂತಿಷ್ಟೇ ಮೇಜು ಎಂದು ಭಾಗ ಮಾಡಿದೆವು. ಮೊದಲು ಎಲ್ಲ ಮೇಜೂ ಎಲ್ಲರದ್ದಾಗಿತ್ತು, ಅಂದರೆ ಯಾರದ್ದೂ ಅಲ್ಲ. ಈಗ ಕುಳಿತ ಒಂದು ನಿಮಿಷದಲ್ಲಿ ನೀರು ಮತ್ತು ಮೆನು ಎದುರಿಗೆ ಬರುತ್ತದೆ.

ಎರಡನೆಯದಾಗಿ, 12.15ಕ್ಕೆ ಥಾಲಿಯ ಒಣ ಪದಾರ್ಥ, ಉಪ್ಪಿನಕಾಯಿ, ಹಪ್ಪಳ, ಬಟ್ಟಲು ಎಲ್ಲ ಜೋಡಿಸಿ ಸಿದ್ಧ. ಪಲ್ಯ, ಸಾರು, ಸಾಂಬಾರು ಬಿಸಿಯಾಗಿ ಬಡಿಸುವುದಷ್ಟೇ ಬಾಕಿ. ರಶ್ ಹೊತ್ತಿಗೆ ಮೆನುವಿನಿಂದ ತಡವಾಗುವ ಕೆಲವು ಐಟಮ್ ತೆಗೆದೆವು. ಇಲ್ಲ ಎಂಬುದನ್ನು ಮೊದಲೇ ಹೇಳುವುದು, 20 ನಿಮಿಷ ಕಾಯಿಸಿ ಹೇಳುವುದಕ್ಕಿಂತ ಎಷ್ಟೋ ಮೇಲು.

ಮೂರನೆಯದಾಗಿ, ಪಾರ್ಸೆಲ್ ಮತ್ತು ಆನ್‌ಲೈನ್ ಆರ್ಡರಿಗೆ ಬೇರೆ ಕೌಂಟರ್. ಡೆಲಿವರಿ ಹುಡುಗರು ಗಲ್ಲಾದ ಎದುರು ಗುಂಪುಗೂಡಿದರೆ ಹಣ ಕೊಡುವವರಿಗೂ ತೊಂದರೆ. ಆ ಹುಡುಗರಿಗೂ ಒಂದು ಬೆಂಚು, ಕುಡಿಯುವ ನೀರು ಇಟ್ಟಿದ್ದೇವೆ. ಬಿಸಿಲಲ್ಲಿ ಬರುವವರು ಅವರೂ ಮನುಷ್ಯರೇ.

ನಾಲ್ಕನೆಯದಾಗಿ, ಕೇಳದೆ ಬಿಲ್ಲು ಇಡುವುದಿಲ್ಲ. ಕೇಳಿದರೆ ತಡ ಮಾಡುವುದಿಲ್ಲ. ಮೇಜಿನ ಮೇಲೆಯೇ ಯುಪಿಐ ಸ್ಕ್ಯಾನ್ ಇದೆ, ನಗದು ಕೊಡುವವರಿಗೆ ಚಿಲ್ಲರೆ ಸಿದ್ಧವಿದೆ.

ಹಿರಿಯರು ಹಾಕಿಕೊಟ್ಟ ದಾರಿ

ಇದು ಹೊಸದೇನೂ ಅಲ್ಲ. ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ನೋಡಿದವರಿಗೆ ಗೊತ್ತು. ಬಾಳೆಎಲೆ ಊಟದ ಪದ್ಧತಿಯಲ್ಲಿ ಉದ್ದದ ಮೆನು ಓದುವ ಹೊತ್ತು ಬೇಡ, ಬಡಿಸುವವರು ಸಾಲಾಗಿ ಬರುತ್ತಲೇ ಇರುತ್ತಾರೆ. ಕೆಲಸ ಚುರುಕು, ಆದರೆ “ಇನ್ನೂ ಸ್ವಲ್ಪ ಹಾಕಲಾ?” ಎಂಬ ಮಾತು ಅದರೊಳಗೇ ಸೇರಿಕೊಂಡಿದೆ. ಬೆಂಗಳೂರಿನ ದರ್ಶಿನಿಗಳಲ್ಲಿ ಹಣ ಮೊದಲು, ತಾನೇ ತಟ್ಟೆ ಹಿಡಿದು ನಿಂತು ತಿನ್ನಬೇಕು. ಆದರೂ ಯಾರಿಗೂ ಬೇಸರವಿಲ್ಲ. ಏಕೆಂದರೆ ಅಲ್ಲಿ ಏನು ಸಿಗುತ್ತದೆಂದು ಗಿರಾಕಿಗೆ ಮೊದಲೇ ಗೊತ್ತು, ತಿನ್ನುವಾಗ ಅವನ ತಟ್ಟೆ ಎಳೆಯುವವರೂ ಇಲ್ಲ. ಕುರ್ಚಿ ಹಾಕಿ ಕೂರಿಸಿದ ಮೇಲೆ ಎಬ್ಬಿಸುವುದೇ ಮನಸ್ಸಿಗೆ ನಾಟುವುದು.

ಬಾಗಿಲಲ್ಲಿ ನಿಂತವರ ಕಷ್ಟ

ಕರುಣೆ ಕುಳಿತವರಿಗೆ ಮಾತ್ರ ಸಾಲದು, ಹಸಿದು ನಿಂತವರಿಗೂ ಬೇಕು. ಊಟ ಮುಗಿಸಿ ಒಂದು ಕಟಿಂಗ್ ಚಹಾ ಎದುರಿಟ್ಟುಕೊಂಡು ಒಂದು ಗಂಟೆ ಲ್ಯಾಪ್‌ಟಾಪ್ ತೆರೆದು ಕೂರುವವರಿಗೆ ಏನು ಮಾಡಬೇಕು? ಅವರಿಗೆ ವೇಟರ್ ಹೇಳುವುದು ಬೇಡ, ಬಿಲ್ಲಿನ ಮೂಲಕ ಹೇಳುವುದೂ ಬೇಡ. ಮಾಲೀಕರು ಅಥವಾ ಕ್ಯಾಪ್ಟನ್ ತಾವೇ ಹೋಗಿ, “ಸಾಹೇಬರೇ, ಜನ ಕಾಯುತ್ತಿದ್ದಾರೆ, ಮೂರು ಗಂಟೆಯ ಮೇಲೆ ಬನ್ನಿ, ಆರಾಮವಾಗಿ ಕುಳಿತುಕೊಳ್ಳಿ” ಎಂದು ಬಾಯಿಬಿಟ್ಟು ಹೇಳಬೇಕು. ಹೆಚ್ಚಿನವರು ನಗುತ್ತ ಏಳುತ್ತಾರೆ.

ಕಾಯುವವರಿಗೆ ನಿಜವಾದ ಹೊತ್ತು ಹೇಳಿ. ಇಪ್ಪತ್ತು ನಿಮಿಷ ಆಗುವುದಿದ್ದರೆ “ಐದೇ ನಿಮಿಷ” ಎನ್ನಬೇಡಿ. ವಯಸ್ಸಾದವರು, ಗರ್ಭಿಣಿಯರು, ಸಣ್ಣ ಮಕ್ಕಳಿರುವವರನ್ನು ಮೊದಲು ಕೂರಿಸುತ್ತೇವೆ ಎಂದು ಬಾಗಿಲಲ್ಲಿ ಬೋರ್ಡು ಹಾಕಿದ್ದೇವೆ. ಬೋರ್ಡು ಇರುವುದರಿಂದ ಉಳಿದವರು ಜಗಳ ಮಾಡುವುದಿಲ್ಲ.

ದೂರು ಬಂದಾಗ

ಕ್ಯಾಪ್ಟನ್‌ಗೆ ನಮ್ಮನ್ನು ಕೇಳದೆ ಎರಡು ಕೆಲಸ ಮಾಡುವ ಅಧಿಕಾರ ಕೊಟ್ಟಿದ್ದೇವೆ. ಚೆನ್ನಾಗಿಲ್ಲವೆಂದ ಪದಾರ್ಥವನ್ನು ಬದಲಿಸುವುದು, ಇಲ್ಲವೇ ಅದನ್ನು ಬಿಲ್ಲಿನಿಂದ ತೆಗೆಯುವುದು. ಒಂದು ಪ್ಲೇಟ್ ದೋಸೆಗಾಗಿ ಹತ್ತು ನಿಮಿಷ ವಾದ ಮಾಡಿದರೆ ದೋಸೆಯೂ ಹೋಯಿತು, ಹೊತ್ತೂ ಹೋಯಿತು, ಗಿರಾಕಿಯೂ ಹೋದ. ಇಲ್ಲಿ ದಯೆ ತೋರಿಸುವುದೇ ಬೇಗ ಮುಗಿಯುವ ಕೆಲಸ.

ಸರ್ವಿಸ್ ಚಾರ್ಜಿನ ವಿಷಯದಲ್ಲೂ ಹೀಗೆಯೇ. ಅದನ್ನು ಬಿಲ್ಲಿಗೆ ತಾವಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟು 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಚೆನ್ನಾಗಿ ಉಂಡವನಿಗೆ ಕೊನೆಯಲ್ಲಿ ಬಿಲ್ಲಿನ ಜಗಳ ಕೊಟ್ಟರೆ ಉಂಡದ್ದೆಲ್ಲ ಮರೆತುಹೋಗುತ್ತದೆ.

ನಮ್ಮ ಹುಡುಗರ ಹೊಟ್ಟೆ

ಕೊನೆಯದಾಗಿ, ಇದು ಎಲ್ಲಕ್ಕಿಂತ ಮುಖ್ಯ. ಬೆಳಿಗ್ಗೆ ಆರರಿಂದ ನಿಂತೇ ಇರುವ ಹುಡುಗ ಮಧ್ಯಾಹ್ನ ಒಂದು ಗಂಟೆಗೆ ಹಸಿದ ಹೊಟ್ಟೆಯಲ್ಲಿ ನಗುವುದು ಹೇಗೆ? ನಮ್ಮ ಕಾಲದಲ್ಲಿ ಮೂರೂವರೆಗೆ ಊಟ. ಆ ಸಂಕಟ ನಮಗೆ ಗೊತ್ತಿದ್ದೂ ನಾವು ಅದನ್ನೇ ಮುಂದುವರಿಸಿದ್ದೆವು. ಈಗ 11.30ಕ್ಕೆ ಎಲ್ಲರಿಗೂ ಊಟ ಆಗಲೇಬೇಕು. ಹಿಂದೆ ಊರಿನ ಹುಡುಗರೇ ಬರುತ್ತಿದ್ದರು. ಈಗ ನಮ್ಮಲ್ಲಿರುವವರು ಒಡಿಶಾ, ಜಾರ್ಖಂಡ್, ನೇಪಾಳದವರು. ಅವರಿಗೆ ಮರಾಠಿಯಲ್ಲಿ ನಾಲ್ಕು ವಾಕ್ಯ ಕಲಿಸಿದ್ದೇವೆ. ಬನ್ನಿ, ಏನು ಬೇಕು, ಇನ್ನೂ ಬೇಕೇ, ಮತ್ತೆ ಬನ್ನಿ. ಅಷ್ಟೇ ಸಾಕು.

ನಮ್ಮ ಹೋಟೆಲಿನಲ್ಲಿ ಎಲ್ಲವೂ ಸರಿಯಾಗಿದೆ ಎಂದು ನಾವು ಹೇಳುವುದಿಲ್ಲ. ಭಟ್ಟರು ರಜೆ ಹಾಕಿದ ದಿನ 28 ನಿಮಿಷ ಮತ್ತೆ 40 ಆಗುತ್ತದೆ. ಆದರೆ ಆಗ ಅವಸರಪಡುವವರು ನಾವು, ಉಣ್ಣುವವರಲ್ಲ. ಬಂಧುಗಳೇ, ನೀವೂ ಒಂದು ವಾರ ನೋಟ್‌ಬುಕ್ ಹಿಡಿದು ಕುಳಿತು ನಿಮ್ಮ ಹೋಟೆಲಿನ ಹೊತ್ತನ್ನು ಬರೆದು ನೋಡಿ. ಗಿರಾಕಿಯ ಹೊತ್ತು ಎಷ್ಟು, ನಮ್ಮ ಹೊತ್ತು ಎಷ್ಟು ಎಂದು ಬೇರೆಬೇರೆ ಮಾಡಿ. ಕತ್ತರಿ ಹಾಕುವುದಿದ್ದರೆ ನಮ್ಮದಕ್ಕೆ ಹಾಕೋಣ. ನಮಗೆ ಇದು ತಿಳಿಯುವಷ್ಟರಲ್ಲಿ ಕಾಕಾ ಹೋಗಿಯಾಗಿತ್ತು. ನಿಮ್ಮ ಕಾಕಾ ಇನ್ನೂ ನಿಮ್ಮಲ್ಲೇ ಊಟ ಮಾಡುತ್ತಿರಬಹುದು.