ಯೂನಿಕ್ಸ್ ಯಂತ್ರಕ್ಕೆ ಯಾವ ಮೇಲ್ ಸರ್ವರ್?

ಲಿನಕ್ಸ್ ಅಥವಾ ಬಿಎಸ್‌ಡಿ ಯಂತ್ರದಲ್ಲಿ ಮೇಲ್ ಸರ್ವರ್ ಹಾಕಲು ಹೊರಟವರು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಯಂತ್ರ ಮೇಲ್ ಕಳಿಸಿದರೆ ಸಾಕೇ, ಇಲ್ಲ ಹೊರಗಿನಿಂದ ಬರುವ ಮೇಲನ್ನೂ ಪಡೆಯಬೇಕೇ? ತಂತ್ರಾಂಶದ ಆಯ್ಕೆ ಇದರ ಮೇಲೆ ನಿಂತಿದೆ.

ಕಳಿಸಿದರೆ ಸಾಕು ಎಂದಾದರೆ

ಬ್ಯಾಕಪ್ ಕೈಕೊಟ್ಟ ಸೂಚನೆ, ಕ್ರಾನ್ ಕೆಲಸಗಳ ವರದಿ ಇಷ್ಟೇ ಹೊರಗೆ ಹೋಗಬೇಕಿದ್ದರೆ ದೊಡ್ಡ ಸರ್ವರ್ ಬೇಡ. ಡಿಎಂಎ ಅಥವಾ ಎಂಎಸ್‌ಎಂಟಿಪಿ ಸಾಕು. ಇವು ಹೊರಗಿನ ಸಂಪರ್ಕಕ್ಕಾಗಿ ಯಾವ ಪೋರ್ಟನ್ನೂ ತೆರೆದಿಡುವುದಿಲ್ಲ. ಸಂಪರ್ಕ ತಪ್ಪಿದಾಗ ಡಿಎಂಎ ಮೇಲನ್ನು ಸರದಿಯಲ್ಲಿಟ್ಟು ಮತ್ತೆ ಕಳಿಸುತ್ತದೆ; ಎಂಎಸ್‌ಎಂಟಿಪಿ ತಾನಾಗಿ ಹಾಗೆ ಮಾಡುವುದಿಲ್ಲ. 2023ರಲ್ಲಿ ಬಂದ ಫ್ರೀಬಿಎಸ್‌ಡಿ 14.0 ಹಳೆಯ ಸೆಂಡ್‌ಮೇಲ್ ಬದಲು ಡಿಎಂಎಯನ್ನೇ ಪೂರ್ವನಿಯೋಜಿತವಾಗಿ ಕೊಟ್ಟಿತು.

ಪಡೆಯಲೂ ಬೇಕಾದರೆ

ಆಗ ತಂತ್ರಾಂಶದ ಒಳರಚನೆಯನ್ನು ನೋಡಬೇಕು, ಏಕೆಂದರೆ ಪೋರ್ಟ್ 25ಕ್ಕೆ ಯಾರು ಬೇಕಾದರೂ ಬರಬಹುದು. ಎರಿಕ್ ಆಲ್ಮನ್ ಬರ್ಕ್ಲಿಯಲ್ಲಿ ಬರೆದ ಸೆಂಡ್‌ಮೇಲ್ ಬಹುಕಾಲ ರೂಟ್ ಅಧಿಕಾರದಲ್ಲಿ ಓಡುವ ಒಂದೇ ದೊಡ್ಡ ಪ್ರೋಗ್ರಾಂ ಆಗಿತ್ತು. 1988ರ ಮಾರಿಸ್ ವರ್ಮ್ ಯಂತ್ರಗಳಿಗೆ ನುಗ್ಗಿದ ದಾರಿಗಳಲ್ಲಿ ಅದೂ ಒಂದು.

ವೀಟ್ಸೆ ವೆನೆಮಾ ಐಬಿಎಂನಲ್ಲಿದ್ದಾಗ ರೂಪಿಸಿ 1998ರಲ್ಲಿ ಹೊರತಂದ ಪೋಸ್ಟ್‌ಫಿಕ್ಸ್ ಈ ಅಪಾಯಕ್ಕೆ ಕೊಟ್ಟ ಉತ್ತರ. ಪಡೆಯುವುದು, ಸರದಿ ನೋಡಿಕೊಳ್ಳುವುದು, ಕಳಿಸುವುದು, ಸ್ಥಳೀಯ ಬಟವಾಡೆ — ಇಲ್ಲಿ ಒಂದೊಂದಕ್ಕೂ ಬೇರೆ ಬೇರೆ ಪ್ರೋಗ್ರಾಂ. ಹೊರಜಗತ್ತಿನೊಡನೆ ಮಾತಾಡುವ ಭಾಗಕ್ಕೆ ರೂಟ್ ಅಧಿಕಾರವಿಲ್ಲ. ಅದರಲ್ಲಿ ದೋಷ ಸಿಕ್ಕರೂ ಇಡೀ ಯಂತ್ರ ಸುಲಭಕ್ಕೆ ಕೈತಪ್ಪುವುದಿಲ್ಲ.

ಫಿಲಿಪ್ ಹೇಜಲ್ 1995ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಎಕ್ಸಿಮ್‌ನ ಬಲ ಬೇರೆ: ಯಾವ ಮೇಲ್ ಎಲ್ಲಿಗೆ, ಯಾವ ಷರತ್ತಿಗೆ ಒಳಪಟ್ಟು ಹೋಗಬೇಕೆಂದು ಸೂಕ್ಷ್ಮ ನಿಯಮಗಳನ್ನು ಬರೆಯಬಹುದು. ಆದರೆ ಅದು ಒಂದೇ ಪ್ರೋಗ್ರಾಂ ಆಗಿ ಉಳಿದಿದೆ. ದೂರದಿಂದಲೇ ರೂಟ್ ಅಧಿಕಾರದಲ್ಲಿ ಆದೇಶ ನಡೆಸಬಹುದಾದ ದೋಷ 2019ರಲ್ಲಿ ಅದರಲ್ಲಿ ಬಯಲಾಯಿತು. ಓಪನ್‌ಬಿಎಸ್‌ಡಿಯ ಓಪನ್‌ಎಸ್‌ಎಂಟಿಪಿಡಿಯ ಸಂರಚನೆ ಕೆಲವೇ ಸಾಲುಗಳದ್ದು, ಸಣ್ಣ ವ್ಯವಸ್ಥೆಗೆ ಸೊಗಸು. ಆದರೂ 2020ರಲ್ಲಿ ಅದರಲ್ಲೂ ಗಂಭೀರ ದೋಷ ಕಂಡಿತು. ಯಾವುದನ್ನೇ ಆರಿಸಿದರೂ ಭದ್ರತಾ ಅಪ್‌ಡೇಟ್ ತಪ್ಪಿಸುವಂತಿಲ್ಲ.

ಹೊಸದಾಗಿ ಕಟ್ಟುವವರಿಗೆ ನನ್ನ ಸಲಹೆ ಪೋಸ್ಟ್‌ಫಿಕ್ಸ್. ಫೋನು, ಲ್ಯಾಪ್‌ಟಾಪ್‌ಗಳಿಂದ ಮೇಲ್ ಓದಲು ಐಮ್ಯಾಪ್ ಸರ್ವರ್ ಬೇರೆಯೇ ಬೇಕು, ಅದಕ್ಕೆ ಡವ್‌ಕಾಟ್. ಸ್ಪ್ಯಾಮ್ ಸೋಸಲು ಆರ್‌ಸ್ಪ್ಯಾಮ್‌ಡಿ.

ಹಾಕುವ ಮುನ್ನ

ಹೊರಹೋಗುವ ಪೋರ್ಟ್ 25 ತೆರೆದಿದೆಯೇ ಎಂದು ವಿಚಾರಿಸಿ. ಅದನ್ನು ಮುಚ್ಚಿಟ್ಟ ಕ್ಲೌಡ್ ಕಂಪನಿಗಳು ಹಲವು. ಐಪಿ ವಿಳಾಸಕ್ಕೆ ರಿವರ್ಸ್ ಡಿಎನ್‌ಎಸ್, ಡೊಮೇನ್‌ಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಹೊಂದಿಸಿ. ಜಿಮೇಲ್‌ಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ 2024ರ ಫೆಬ್ರವರಿಯಿಂದ ಇವು ಕಡ್ಡಾಯ. ನಿಮ್ಮ ಬಳಕೆದಾರರು ಪಾಸ್‌ವರ್ಡ್ ಕೊಟ್ಟು 587 ಅಥವಾ 465ನೇ ಪೋರ್ಟಿನಿಂದ ಮಾತ್ರ ಕಳಿಸಲಿ. ಗುರುತಿಲ್ಲದವರ ಮೇಲನ್ನು ಬೇರೆ ಡೊಮೇನಿಗೆ ದಾಟಿಸುವ ಓಪನ್ ರಿಲೇ ಆದರೆ ನಿಮ್ಮ ವಿಳಾಸ ಬೇಗನೆ ಕಪ್ಪುಪಟ್ಟಿ ಸೇರುತ್ತದೆ.

ಆಯ್ಕೆ ಮುಂದೆ ಒಗ್ಗದಿದ್ದರೆ ಎಂಬ ಭಯ ಬೇಡ. ಪೋಸ್ಟ್‌ಫಿಕ್ಸ್, ಎಕ್ಸಿಮ್, ಓಪನ್‌ಎಸ್‌ಎಂಟಿಪಿಡಿ, ಡಿಎಂಎ ಎಲ್ಲವೂ ಹಳೆಯ ಸೆಂಡ್‌ಮೇಲ್ ಆದೇಶವನ್ನು ಅದೇ ಹೆಸರಿನಲ್ಲಿ ಒದಗಿಸುತ್ತವೆ. ಆ ಆದೇಶದ ಮೂಲಕವೇ ಮೇಲ್ ಕಳಿಸುವ ನಿಮ್ಮ ಸ್ಕ್ರಿಪ್ಟ್‌ಗಳು ಸರ್ವರ್ ಬದಲಾದರೂ ಸಾಮಾನ್ಯವಾಗಿ ಹಾಗೆಯೇ ನಡೆಯುತ್ತವೆ.