ಹಿತ್ತಾಳೆ ತೋಟೆಯ ಬುಡದ ಉಂಗುರ

ಮೊನ್ನೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಖಾಲಿ ತೋಟೆಯೊಂದನ್ನು ಬೀಗದ ಕೈ ಗೊಂಚಲಿಗೆ ಪೋಣಿಸಿಕೊಂಡು ಶಾಲೆಗೆ ಬಂದಿದ್ದ. ಕೊಯಮತ್ತೂರಿನಲ್ಲಿ ಲೇತ್ ಕೆಲಸದಲ್ಲಿರುವ ಸೋದರಮಾವ ಗುಜರಿ ಹಿತ್ತಾಳೆಯ ರಾಶಿಯಿಂದ ಹೆಕ್ಕಿ ಕೊಟ್ಟದ್ದಂತೆ. ಪಂಪು, ಮೋಟಾರುಗಳ ಆ ಊರಿನಲ್ಲಿ ಹಿತ್ತಾಳೆ ಗುಜರಿಗೆ ಬರವಿಲ್ಲ.

ಬುಡದಲ್ಲಿ ಓ.ಎಫ್.ವಿ. ಎಂಬ ಮುದ್ರೆ. ಅಂದರೆ ಮಹಾರಾಷ್ಟ್ರದ ವರಣಗಾಂವ್ ಕಾರ್ಖಾನೆಯದು. ಕೆ.ಎಫ್. ಎಂದಿದ್ದರೆ ಪುಣೆಯ ಬಳಿಯ ಕಿರ್ಕಿಯದು. ನಡುವಿನ ಕ್ಯಾಪಿನ ಸುತ್ತ ಒತ್ತಿದ ಉಂಗುರವೊಂದು ಕಾಣುತ್ತಿತ್ತು. ಸೈನಿಕ ತೋಟೆಯ ಗುರುತು ಅದು. ಕೆಲವಕ್ಕೆ ಉಂಗುರದ ಬದಲು ಮೂರು ಕಡೆ ಉಳಿಯಿಂದ ಚುಚ್ಚಿದಂತೆ ಗುರುತಿರುವುದುಂಟು. ಒಂದೇ ಸಮನೆ ಹಾರುವ ಕೋವಿಯಲ್ಲಿ ಕ್ಯಾಪು ಸಡಿಲಾಗಿ ಯಂತ್ರದೊಳಗೆ ಬಿದ್ದರೆ ಕೋವಿ ಸಿಕ್ಕಿಕೊಳ್ಳುತ್ತದೆ. ಅದಕ್ಕಾಗಿ ಈ ಬಿಗಿ.

ಹೊರದೇಶಗಳ ಗುರಿಕಾರರು ಖಾಲಿ ತೋಟೆಯನ್ನು ಮತ್ತೆ ತುಂಬಿ ಬಳಸುವರು. ಹಳೆಯ ಕ್ಯಾಪು ತೆಗೆದ ಮೇಲೆ ಈ ಉಂಗುರದ ಅಂಚನ್ನು ಕೆರೆದೋ ಒತ್ತಿಯೋ ಸರಿಪಡಿಸಲೇಬೇಕು. ಇಲ್ಲವಾದರೆ ಹೊಸ ಕ್ಯಾಪು ಓರೆಯಾಗಿ ಜಜ್ಜಿ, ಕೈಯಲ್ಲೇ ಸಿಡಿಯಬಹುದು. ಒಳಗೆ ನಡುವೆ ಒಂದೇ ತೂತಿದ್ದರೆ ಸೂಜಿಯಿಂದ ಕ್ಯಾಪನ್ನು ಹೊರದೂಡಬಹುದು; ನಮ್ಮ ಹಳೆಯ .303 ತೋಟೆಯಂತೆ ಎರಡು ಸಣ್ಣ ತೂತುಗಳಿದ್ದರೆ ಆಗದು. ಒಂದು ತೂತಿನದು ಇಂಗ್ಲೆಂಡಿನ ಬಾಕ್ಸರನ ಏರ್ಪಾಡು, ಎರಡರದು ಅಮೆರಿಕದ ಬರ್ಡನನದು, ಎರಡೂ 1866ರವು. ತಮಾಷೆಯೆಂದರೆ ಅಮೆರಿಕದವರು ಬಾಕ್ಸರನನ್ನು ಹಿಡಿದರು, ಯುರೋಪಿನವರು ಬರ್ಡನನನ್ನು!

ನಮ್ಮಲ್ಲಿ ಆ ಕೆಲಸಕ್ಕೆ ಕೈಹಾಕುವಂತಿಲ್ಲ. ಸೈನಿಕ ಅಳತೆಯ ಕೋವಿಗೆ ಜನಸಾಮಾನ್ಯರಿಗೆ ಪರವಾನಿಗೆ ಸಿಗದು. 1959ರ ಆಯುಧ ಕಾಯಿದೆ ಮದ್ದುಗುಂಡಿನ ಬಿಡಿಭಾಗಗಳನ್ನೂ ಮದ್ದುಗುಂಡೆಂದೇ ಎಣಿಸುತ್ತದೆ. ಎನ್.ಸಿ.ಸಿ. ಶಿಬಿರದಲ್ಲಿ ಗುಂಡು ಹಾರಿಸಿದವರಿಗೆ ಗೊತ್ತು, ಖಾಲಿ ತೋಟೆಗಳನ್ನು ಎಣಿಸಿ ಒಪ್ಪಿಸದೆ ಮೈದಾನ ಬಿಡುವಂತಿಲ್ಲ.

ನನಗೆ ಕಾನೂನಿಗಿಂತ ಹೆಚ್ಚು ಹೆದರಿಕೆ ಆ ಗುಜರಿ ರಾಶಿಯದು. ಹಾರಿಸಿದ ತೋಟೆಯ ಕ್ಯಾಪಿನಲ್ಲಿ ಗುಳಿ ಬಿದ್ದಿರುತ್ತದೆ. ಗುಳಿಯಿಲ್ಲದ ಕ್ಯಾಪು, ಮುಂದೆ ಗುಂಡಿಲ್ಲದಿದ್ದರೂ, ಜೀವಂತವೆಂದೇ ತಿಳಿಯಬೇಕು. ಗುಳಿಯೂ ಇದ್ದು ಗುಂಡೂ ಉಳಿದಿದ್ದರೆ ಅದು ಹಾರದೆ ಉಳಿದದ್ದು, ಇನ್ನೂ ಕೆಟ್ಟದ್ದು. ಅಂಥದೊಂದು ಹಿತ್ತಾಳೆ ಕರಗಿಸುವ ಮೂಸೆಗೆ ಬಿದ್ದರೆ ಎರಕದವನ ಕಣ್ಣು ಹೋದೀತು.

ಹುಡುಗನ ತೋಟೆಯಲ್ಲಿ ಗುಳಿಯಿತ್ತು, ಒಳಗೆ ಬರಿದು. "ರಾಶಿಯಲ್ಲಿ ಇನ್ನೂ ಇದೆಯಂತಾ?" ಎಂದು ಕೇಳಿದೆ. "ಇದೆ ಸರ್, ಒಂದು ಬಾಲ್ದಿ," ಎಂದ. ಸಂಜೆ ಮಾವನಿಗೆ ಅವನಿಂದಲೇ ಫೋನು ಮಾಡಿಸಿದೆ. ತೋಟೆ ಈಗ ಮುಖ್ಯೋಪಾಧ್ಯಾಯರ ಮೇಜಿನ ಸೆಳೆಖಾನೆಯಲ್ಲಿದೆ. ಸೋಮವಾರ ಠಾಣೆಗೆ ಒಪ್ಪಿಸುವುದೆಂದಾಗಿದೆ.